ಅರ್ಥವಾಗದಿರುವ ಉದ್ಯೋಗ

ನಮ್ಮತ್ತೆ ಏನು ಕೆಲಸ ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ಮಾವ ಮುಖ ಗಂಭೀರ ಮಾಡಿಕೊಂಡು, ಅರ್ಥವಾಗದೇ ಇರುವ ಕೆಲಸ ಎನ್ನುತ್ತಿದ್ದರು. ಕೇಳಿದವರು ಹೆಂಡತಿಯನ್ನು ಹಂಗಿಸುತ್ತಿದ್ದಾರೆಂದು ತಿಳಿದು ಹಲ್ಲು ಕಿರಿಯುತ್ತಿದ್ದರು. ಆದರೆ ಅವರು ನೆಲೆಸಿದ್ದ ಪರದೇಶದ ವಿಶ್ವವಿದ್ಯಾಲಯ ಅತ್ತೆಗೆ ಸಂಬಳ ಕೊಡುತ್ತಿದ್ದದ್ದು ನಿಜವಾಗಿಯೂ ಅದಕ್ಕೇ.

ಹೊರದೇಶದಿಂದ ಸಂಶೋಧನೆಗೆಂದು ಬಂದ ನನ್ನಂಥವರಿಗೆ ಕೆಳಗಿನ ತರಗತಿಗಳಿಗೆ ಪಾಠ ಹೇಳುವ ಸಹಾಯಕ ಹುದ್ದೆ ಸಿಕ್ಕರೆ ಶುಲ್ಕ ಮಾಫಿ, ಹೊಟ್ಟೆಬಟ್ಟೆಗೂ ದಾರಿ. ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಹುದ್ದೆಗೆ ಮೊದಲು ಇಂಗ್ಲಿಷಿನಲ್ಲಿ ಪಾಠ ಮಾಡಿ ತೋರಿಸಬೇಕು. ಪರೀಕ್ಷಕರು ಹಿಂದಿನ ಸಾಲಿನಲ್ಲಿ ಕೂತು ಅಂಕ ಹಾಕುತ್ತಾರೆ. ಮುಂದಿನ ಬೆಂಚಿನಲ್ಲಿ ವಿದ್ಯಾರ್ಥಿಯಂತೆ ನಟಿಸಲು ಒಬ್ಬರನ್ನು ಕೂರಿಸಿರುತ್ತಾರೆ. ನಡುನಡುವೆ ಕೈಯೆತ್ತಿ, ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ ಎನ್ನುವುದು ಅವರ ಕೆಲಸ. ಪಾಠ ಮಾಡುವವರ ಇಂಗ್ಲಿಷು ಬಾಯಿಪಾಠದ್ದೋ ಸ್ವಂತದ್ದೋ ಎಂಬುದು ಆಗ ಬಯಲಾಗುತ್ತದೆ. ಆ ಬೆಂಚಿನ ಮೇಲೆ ವರ್ಷಾನುಗಟ್ಟಲೆ ಕೂತವರು ನಮ್ಮಪ್ಪನ ತಂಗಿ, ನನ್ನ ಅತ್ತೆ.

ಮಾವ ಅಲ್ಲಿನ ಪ್ರಯೋಗಾಲಯದಲ್ಲಿ ಗಾಜಿನ ನಳಿಕೆ ಬೆಸೆಯುವವರು. ಮದುವೆಯಾದ ಹೊಸದರಲ್ಲಿ ಮನೆಯಲ್ಲಿ ಹೊತ್ತು ಹೋಗದೆ ಅತ್ತೆ ಕಾರಿಡಾರಿನಲ್ಲಿ ಅವರಿಗಾಗಿ ಕಾಯುತ್ತಾ ಕೂರುತ್ತಿದ್ದರಂತೆ. ಒಂದು ದಿನ ವಿದ್ಯಾರ್ಥಿಯಾಗಿ ಕೂರಬೇಕಿದ್ದವಳು ಕೈಕೊಟ್ಟಳು. ಪರೀಕ್ಷಾ ವಿಭಾಗದ ಮೇಡಂ ಬಾಗಿಲಾಚೆ ಇಣುಕಿ, ಇಂಗ್ಲಿಷ್ ಬರುತ್ತಾ ಎಂದು ವಿಚಾರಿಸಿ ಅತ್ತೆಯನ್ನೇ ಒಳಗೆ ಕೂರಿಸಿದರು. ಆಮೇಲೆ ಬೇರೆಯವರನ್ನು ಹುಡುಕುವ ಪ್ರಮೇಯವೇ ಬರಲಿಲ್ಲ. ಪಾಠ ಹೇಳುವವನು ಬೋರ್ಡಿನ ಕಡೆ ತಿರುಗುವವರೆಗೂ ಅತ್ತೆ ಕೋಲೆಬಸವನಂತೆ ತಲೆಯಾಡಿಸುತ್ತಿದ್ದರು. ಅವನು ಗೆದ್ದೆನೆಂದುಕೊಂಡ ಹೊತ್ತಿಗೆ ಸರಿಯಾಗಿ ಕೈ ಮೇಲೇಳುತ್ತಿತ್ತು. ಎಂಥೆಂಥವರಿಗೆ ನೀರು ಕುಡಿಸಿದರೋ. ಆದರೆ ಪ್ರಶ್ನೆ ಮೂರು ಸಲಕ್ಕೆ ನಿಲ್ಲಬೇಕೆಂಬುದು ನಿಯಮ, ಅತ್ತೆ ಅದನ್ನು ಮೀರಿದವರಲ್ಲ. ಕೊನೆಗೆ ಕಣ್ಣರಳಿಸಿ, ಈಗ ತಿಳಿಯಿತು ಎನ್ನುತ್ತಿದ್ದರು. ಆ ಮುಖ ನೋಡಿದವರಿಗೆ ತಾವು ಹುಟ್ಟಾ ಮೇಷ್ಟ್ರು ಅನ್ನಿಸಿಬಿಡುತ್ತಿತ್ತು.

ನಾನು ಸಂಶೋಧನೆಗೆ ಸೇರಿ ಅವರ ಮನೆಯ ಮಹಡಿಯ ಕೋಣೆಗೆ ಬಂದಾಗ ಅತ್ತೆಗೆ ಆ ಕೆಲಸ ಮೈಗೂಡಿಹೋಗಿತ್ತು. ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದರೆ, ಇನ್ನೊಂದ್ಸಲ ಹೇಳು ಎನ್ನುತ್ತಿದ್ದರು. ಹೇಳಿದರೆ ಒಲೆ ಬಿಟ್ಟು ನನ್ನ ಬಾಯನ್ನೇ ನೋಡುತ್ತಿದ್ದರು. ಹಾಲು ನೆಲಕ್ಕಿಳಿಯುತ್ತಿತ್ತು. ಮಾವನಿಗೆ ಇದೆಲ್ಲ ನಗೆಯ ಸರಕು. ಇವಳು ಆಫೀಸನ್ನ ಮನೆಗೂ ಹೊತ್ಕೊಂಡು ಬರ್ತಾಳೆ ಎಂದು ತಾವೇ ಹಾಲು ಒರೆಸುತ್ತಿದ್ದರು. ನನಗೆ ಮೊದಮೊದಲು ರೇಗುತ್ತಿತ್ತು. ಆಮೇಲಾಮೇಲೆ ಭಯವಾಗತೊಡಗಿತು.

ಒಂದು ಮಧ್ಯಾಹ್ನ ಕೆಳಗಿಳಿದು ಬಂದರೆ ಅತ್ತೆ ನಡುಮನೆಯಲ್ಲಿ ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ಹಾಕಿಕೊಂಡು ಕೂತಿದ್ದರು. ಮುಂದೆ ಬರೀ ಸುಣ್ಣದ ಗೋಡೆ. ಬಲಗೈ ಮೇಲೆತ್ತಿದ್ದರು. ಎಷ್ಟು ಹೊತ್ತಿನಿಂದ ಎತ್ತಿದ್ದರೋ. ಏನತ್ತೆ ಎಂದೆ. ತಿರುಗಿ ನೋಡದೆ, ಪಾಠಕ್ಕೆ ಅಡ್ಡಿಯಾಗಬಾರದೆಂಬಂತೆ ದನಿ ತಗ್ಗಿಸಿದರು.

"ಅವರು ನನ್ನ ಕಡೆ ನೋಡ್ತಾನೇ ಇಲ್ಲ."

ಹೋಗಿ ಆ ಕೈಯನ್ನು ಹಿಡಿದು ಕೆಳಗಿಳಿಸಿದೆ, ಮಂಜುಗಡ್ಡೆಯಷ್ಟು ತಣ್ಣಗಿತ್ತು. ಸಂಜೆ ಮಾವನಿಗೆ ಹೇಳಿದರೆ ಅಭ್ಯಾಸ ಮಾಡ್ತಿದ್ದಳೇನೋ ಎಂದು ತೇಲಿಸಿಬಿಟ್ಟರು. ಪರೀಕ್ಷಾ ವಿಭಾಗದ ಮೇಡಂ ಸಿಕ್ಕಾಗ ಮೆಲ್ಲಗೆ ಮಾತೆತ್ತಿ ನೋಡಿದೆ. ಅವರು ನನ್ನ ಬೆನ್ನು ತಟ್ಟಿ, ನಿಮ್ಮತ್ತೆ ಈ ವರ್ಷ ಮಾಡುತ್ತಿರುವಷ್ಟು ಸಹಜವಾಗಿ ಯಾವತ್ತೂ ಮಾಡಿರಲಿಲ್ಲ, ನಮಗೇ ಕೆಲವು ಸಲ ನಿಜವೇನೋ ಅನ್ನಿಸುತ್ತದೆ ಎಂದು ಹೊಗಳಿದರು. ಬೇರೆ ಯಾವ ಉದ್ಯೋಗದಲ್ಲಾಗಿದ್ದರೂ ಯಾರಾದರೂ ಗಮನಿಸುತ್ತಿದ್ದರು. ಇಲ್ಲಿ ಅತ್ತೆ ಕಳೆದುಹೋಗುತ್ತಿದ್ದಷ್ಟೂ ಅವರ ಕೆಲಸ ಚೆನ್ನಾಗಿ ನಡೆಯುತ್ತಿತ್ತು.

ಅಷ್ಟರಲ್ಲಿ ನನ್ನ ಸರದಿ ಬಂತು. ಮೊದಲ ಪ್ರಯತ್ನದಲ್ಲಿ ನಾಲಿಗೆ ತೊದಲಿ ನಪಾಸಾಗಿದ್ದೆ, ಇದೇ ಕೊನೆಯ ಅವಕಾಶ. ಅತ್ತೆಯೇ ಎದುರು ಕೂರುವುದಕ್ಕೆ ಯಾರೂ ತಕರಾರು ಮಾಡಲಿಲ್ಲ, ಅಂಕ ಹಾಕುವವರು ಅವರಲ್ಲವಲ್ಲ. ಪರೀಕ್ಷೆಯ ನಡುವೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ಒಂದು ಮಾತಾಡಿದರೂ ಅಲ್ಲಿಗೆ ಮುಗಿಯಿತು ಎಂದು ಮೇಡಂ ಮೊದಲೇ ಎಚ್ಚರಿಸಿದರು.

ನನ್ನ ಪಾಠ ಬಿಸಿನೀರಿನ ಲೋಟ ಯಾಕೆ ಆರುತ್ತದೆ ಎಂಬುದು. ಬಿಸಿ ಲೋಟದಿಂದ ಹೊರಟು ಕೋಣೆಯಲ್ಲೆಲ್ಲ ಹರಡುತ್ತದೆ ಎಂದು ಚಿತ್ರ ಬರೆದು ತೋರಿಸಿದೆ. ನಾಲಿಗೆ ಎಲ್ಲೂ ತಡವರಿಸಲಿಲ್ಲ. ಅತ್ತೆ ಕೈಯೆತ್ತಿದರು. ಹೋದ ಬಿಸಿ ಎಲ್ಲಿಗೆ ಹೋಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಗಾಳಿಗೆ ಎಂದೆ. ಮತ್ತೆ ಕೈಯೆತ್ತಿ, ಹಾಗಾದರೆ ಕೋಣೆಯಲ್ಲೇ ಇದೆಯಾ ಎಂದರು. ಇದೆ, ಆದರೆ ಚೂರುಚೂರಾಗಿ ಎಂದೆ. ಮೂರನೆಯ ಸಲ, ಅದನ್ನೆಲ್ಲ ಒಟ್ಟುಗೂಡಿಸಿ ವಾಪಸು ತರಬಹುದಾ ಎಂದರು. ತಾನಾಗಿ ಬರುವುದಿಲ್ಲ ಎಂದು ನಿಧಾನವಾಗಿ ಬಿಡಿಸಿ ಹೇಳಿದೆ. ಹಿಂದಿನ ಸಾಲಿನಲ್ಲಿ ಮೇಡಂ ಮುಗುಳ್ನಗುತ್ತಿದ್ದರು. ಗೆದ್ದೆ ಎಂದುಕೊಂಡು ಅತ್ತೆಯ ಕಣ್ಣರಳುವುದನ್ನೇ ಕಾದೆ.

ಕಣ್ಣರಳಲಿಲ್ಲ. ಕೈ ನಾಲ್ಕನೆಯ ಸಲ ಮೇಲೆದ್ದಿತು. ಹೋದದ್ದು ಇಲ್ಲೇ ಇದ್ದರೆ ನನಗೆ ಯಾಕೆ ಸಿಗುತ್ತಿಲ್ಲ ಎಂದರು. ಪರೀಕ್ಷಕರು ಮುಖ ಮುಖ ನೋಡಿಕೊಂಡು ನಕ್ಕರು, ಅಣ್ಣನ ಮಗಳೆಂದು ಸಲಿಗೆ ಕೊಡುತ್ತಿಲ್ಲ ಎಂದುಕೊಂಡಿರಬೇಕು. ನಾನು ನಗಲಿಲ್ಲ. ಅತ್ತೆ ಕೋಣೆಯ ಮೂಲೆಗಳನ್ನು ಒಂದೊಂದಾಗಿ ನೋಡುತ್ತಿದ್ದರು, ಸೂರನ್ನು ನೋಡಿದರು, ಬೆಂಚಿನ ಅಡಿಗೆ ಬಗ್ಗಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ಕಣ್ಣುಗಳಲ್ಲಿ ನಟನೆ ಇರಲಿಲ್ಲ. ಸಂತೆಯಲ್ಲಿ ಅಮ್ಮನ ಸೆರಗು ಕೈತಪ್ಪಿದ ಮಗುವಿನಷ್ಟು ದಿಗಿಲಿತ್ತು. ಕೈ ಮತ್ತೆ ಮೇಲೇಳುತ್ತಿತ್ತು.

ಇಂಗ್ಲಿಷಿನಲ್ಲಿ ಒಂದೇ ಒಂದು ವಾಕ್ಯ ಹೇಳಿ ಮುಗಿಸಿದ್ದರೆ ಹುದ್ದೆ ನನ್ನದು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಸೀಮೆಸುಣ್ಣ ಕೆಳಗಿಟ್ಟು ಬೆಂಚಿನ ಹತ್ತಿರ ಹೋಗಿ ಮಂಡಿಯೂರಿದೆ.

"ಅತ್ತೆ, ಸಾಕು. ಹೆದರ್ಕೋಬೇಡಿ, ನಾನಿದೀನಿ."

ಹಿಂದಿನಿಂದ ಕುರ್ಚಿ ಸರಿದ ಸದ್ದು ಕೇಳಿಸಿತು. ಮೇಡಂ ನನ್ನ ಹೆಸರು ಕೂಗಿ, ಪರೀಕ್ಷೆ ಮುಗಿಯಿತು ಎಂದರು. ಅತ್ತೆಯ ಕೈ ತಾನಾಗಿ ಇಳಿಯಿತು. ಮುಖದ ಗಂಟು ಸಡಿಲವಾಗಿ, ಎಷ್ಟೋ ತಿಂಗಳಿಂದ ಕಾಣದಿದ್ದ ನಗು ಬಂತು. ನನ್ನ ಗಲ್ಲ ಮುಟ್ಟಿದರು.

"ಎಷ್ಟು ಚೆನ್ನಾಗಿ ಹೇಳಿಕೊಟ್ಟೆ. ಯಾರ ಮಗಳಮ್ಮ ನೀನು?"

ನಿಮ್ಮ ಅಣ್ಣನ ಮಗಳು ಎಂದೆ. ಅಣ್ಣನಿಗೆ ಮದುವೆಯಾಯಿತಾ ಎಂದು ಅತ್ತೆಗೆ ಖುಷಿಯೋ ಖುಷಿ.