ಯಲಬುರ್ಗಾದ ಹಿತ್ತಲಲ್ಲಿ ಗಂಗಾವತಿಯ ತೋಟ

ನನ್ನ ತವರು ಗಂಗಾವತಿ ಕಡೆಯ ಕಾಲುವೆ ಹಳ್ಳಿ. ಅಲ್ಲಿ ನೀರು ಕೇಳದೆಯೇ ಬರುತ್ತಿತ್ತು, ಬೇಡವೆಂದರೂ ಹೋಗುತ್ತಿರಲಿಲ್ಲ. ಮದುವೆಯಾಗಿ ಯಲಬುರ್ಗಾಕ್ಕೆ ಬಂದಾಗ ನಮ್ಮ ಹಿತ್ತಲಲ್ಲಿ ಇದ್ದದ್ದು ಬಟ್ಟೆ ಒಗೆಯುವ ಕಲ್ಲು, ನೀರು ತುಂಬಿಡುವ ಡ್ರಮ್ಮು, ಕೈ ಹೋಗುವಷ್ಟು ಬಿರುಕು ಬಿಟ್ಟ ಕರಿಮಣ್ಣು. ನಲ್ಲಿಯಲ್ಲಿ ನೀರು, ಬಿಡುವವರ ಮನಸ್ಸಿಗೆ ಬಂದ ದಿನ ಬರುತ್ತಿತ್ತು.

ನನ್ನನ್ನು ಈ ಒಣ ಸೀಮೆಗೆ ಕೊಟ್ಟದ್ದಕ್ಕೆ ಅಪ್ಪ ಒಳಗೊಳಗೇ ಕೊರಗುತ್ತಿದ್ದ. ಫೋನ್ ಮಾಡಿದರೆ "ಆರಾಮ ಅದಿಯೇನವಾ?" ಅನ್ನುವ ಮೊದಲೇ "ನೀರು ಬಂದಿತ್ತೇನು?" ಎನ್ನುತ್ತಿದ್ದ. ಬಂದಿತ್ತು ಎಂದರೆ ನಂಬುತ್ತಿರಲಿಲ್ಲ. ಆ ಯುಗಾದಿಗೆ ಬರುತ್ತೇನೆಂದ. ಅಷ್ಟರೊಳಗೆ ಅವನ ಕಣ್ಣಿಗೆ ಒಂದಿಷ್ಟು ಹಸಿರು ತೋರಿಸಿ, ಆ ಕೊರಗು ಬಿಡಿಸಲೇಬೇಕೆಂದು ನಾನು ಹಟ ತೊಟ್ಟೆ.

ಶಿವರಾತ್ರಿಗೂ ಮೊದಲೇ ಲೆಕ್ಕಾಚಾರ ಶುರುವಾಯಿತು. ಬಚ್ಚಲ ಕಡೆ ಮೆಂತ್ಯ, ಗೋಡೆಯ ಬದಿಗೆ ಟೊಮೆಟೊ, ನಡುವೆ ಕೊತ್ತಂಬರಿ, ಬಾಗಿಲಿಗೆ ಕಾಣುವ ಹಾಗೆ ಒಂದು ಮಲ್ಲಿಗೆ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವ ಗಂಡ ಎಲ್ಲವನ್ನೂ ಸಾವಧಾನವಾಗಿ ಕೇಳಿ, "ಪರಿಶೀಲಿಸೋಣ" ಎಂದ. ನಾನು ಕಾಯಲಿಲ್ಲ. ಮಣ್ಣು ಅಗೆದು ಮಡಿ ಮಾಡಿ, ಬೀಜ ಹಾಕಿ, ಸಸಿ ನೆಟ್ಟು, ನಮ್ಮೂರಿನ ಭತ್ತದ ಗದ್ದೆಗೆ ಕಟ್ಟುವಂತೆ ಸುತ್ತ ಒಡ್ಡು ಕಟ್ಟಿ, ನೀರು ನಿಲ್ಲುವ ತನಕ ಸುರಿದೆ. ನಿಂತದ್ದನ್ನು ನೋಡಿ ಜೀವಕ್ಕೆ ತಂಪಾಯಿತು. ಮರುದಿನವೂ ಸುರಿದೆ.

ಕರಿಮಣ್ಣು ಒಮ್ಮೆ ಕುಡಿದ ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮೆಂತ್ಯ ಮಲಗಿತು, ಕೊತ್ತಂಬರಿ ಹಳದಿಯಾಯಿತು, ಟೊಮೆಟೊ ಸಸಿಗಳ ಬುಡ ಕೊಳೆಯಿತು. ಮಲ್ಲಿಗೆ ಕೂಡ ಎಲೆ ಉದುರಿಸಿ ಕಡ್ಡಿಯಾಯಿತು. ಪಾಪ, ಬಿಸಿಲಿಗೆ ಬಾಡುತ್ತಿವೆ ಎಂದುಕೊಂಡು ನಾನು ಇನ್ನೊಂದು ಕೊಡ ಹೆಚ್ಚಿಗೆ ಹಾಕಿದೆ. ಕಾಲು ಎತ್ತಿದರೆ ಚಪ್ಪಲಿ ಕೆಸರಿನಲ್ಲೇ ಉಳಿಯುತ್ತಿತ್ತು. ಅತ್ತೆ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತ ಎಲ್ಲವನ್ನೂ ನೋಡುತ್ತಿದ್ದರು.

ಯುಗಾದಿಯ ದಿನ ಅಪ್ಪ ಅಕ್ಕಿ ಚೀಲ ಹೊತ್ತು ಬಸ್ಸಿಳಿದು ಬಂದ. ಯಲಬುರ್ಗಾದಲ್ಲಿ ಅಕ್ಕಿ ಸಿಗುವುದಿಲ್ಲವೆಂದು ಅವನ ನಂಬಿಕೆ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದವನು ಡ್ರಮ್ಮಿನ ಮುಚ್ಚಳ ತೆಗೆದ. ತಳ ಕಾಣುತ್ತಿತ್ತು. ಪಕ್ಕದಲ್ಲಿ ಸತ್ತ ಸಸಿಗಳು. ಅವನ ಮುಖ ನೋಡಲಾರದೆ ನಾನು ಅಡುಗೆಮನೆಗೆ ಬಂದು ಬೇವಿನ ಬಟ್ಟಲು ಹಿಡಿದುಕೊಂಡು ನಿಂತೆ.

"ನೀರಿಂದು ಭಾಳ ತ್ರಾಸ ಐತೇನ್ರಿ, ಅಕ್ಕಾರ?" ಅಪ್ಪ ಅತ್ತೆಯನ್ನು ಕೇಳಿದ್ದು ಒಳಗೆ ಕೇಳಿಸಿತು.

"ತ್ರಾಸ ಎಲ್ಲಿದ್ರಿ ಬೀಗರ," ಅತ್ತೆ ಎಂದರು. "ಡ್ರಮ್ ಖಾಲಿ ಮಾಡಿದಾಕಿ ನಿಮ್ಮ ಮಗಳು. ಈ ಮಣ್ಣಿಗೆ ಹಂಗ ದಿನಾ ನೀರು ಹಾಕಿದ್ರ ಬೇರು ಕೊಳಿತಾವರಿ."

"ಗೊತ್ತಿದ್ದೂ ಬೈಲಿಲ್ಲೇನ್ರಿ?"

"ಹೆಂಗ ಬೈಲಿ? ತವರಮನಿ ನೆನಪಾದಾಗೆಲ್ಲ ಎದ್ದು ಹೋಗಿ ನೀರು ಹಾಕಿ ಬರ್ತಿದ್ಲು. ನೀರು ಮತ್ತ ಬರತೈತ್ರಿ. ಹುಡುಗಿ ಮನಸಿಗೆ ಸಮಾಧಾನ ಆಗ್ಲಿ ಅಂತ ಬಿಟ್ಟೆ."

ಅಪ್ಪನಿಗಾಗಿ ನೀರು ಹಾಕುತ್ತಿದ್ದೇನೆ ಎಂದುಕೊಂಡಿದ್ದೆ. ತವರು ನೆನಪಾದಾಗೆಲ್ಲ ಎದ್ದು ಹೋಗುತ್ತಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ.

ಆಮೇಲೆ ಅಪ್ಪ ಒಳಗೆ ಬಂದ. ನನ್ನ ಕೈಯಿಂದ ಬಟ್ಟಲು ತೆಗೆದು ಕೆಳಗಿಟ್ಟು, ತಲೆ ಮೇಲೆ ಕೈಯಿಟ್ಟ.

"ಛಲೋ ಮನಿಗೇ ಕೊಟ್ಟೀನಿ ಬಿಡವಾ," ಎಂದ.

ನನ್ನ ಮದುವೆಯಾದ ಮೇಲೆ ಅವನು ನೆಮ್ಮದಿಯಿಂದ ಹೇಳಿದ ಮೊದಲ ಮಾತು ಅದು.