ಗೋಡೆಗೆ ಮುಖ ಮಾಡಿ ಉಂಡವರು

ಮೊನ್ನೆ ಸೊಸೆ ಹಂಚಿನ ಮೇಲೆ ರೊಟ್ಟಿ ಬಿಟ್ಟು ಬಾಗಿಲಲ್ಲಿ ಯಾರ ಜೊತೆಗೋ ಮಾತಿಗೆ ನಿಂತಳು. ಸೀದ ಜೋಳದ ವಾಸನೆ ಪಡಸಾಲೆಯವರೆಗೂ ಬಂತು. ನಾನು ಎದ್ದು ಅಂಗಳಕ್ಕೆ ಹೋಗಿ ಕೂತೆ...

ಎಪ್ಪತ್ತರ ದಶಕದಲ್ಲಿ ನಾನು ಇಂಡಿ ಪಟ್ಟಣದ ಒಂದು ಲಿಂಬೆಹಣ್ಣಿನ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ನಾಲತವಾಡದಿಂದ ಎಸ್ಸೆಸ್ಸೆಲ್ಸಿ ಪಾಸಾಗಿ ಬಂದವನು. ಅಲ್ಲಿ ಓದಿದವನು ನಾನೊಬ್ಬನೇ ಎಂಬ ಸೊಕ್ಕು ಬೇರೆ. ಹಣ್ಣು ಆರಿಸಲು ಒಬ್ಬ ಹಿರಿಯರಿದ್ದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದೆವು.

ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಬುತ್ತಿ ಬಿಚ್ಚುವುದು, ಒಬ್ಬರ ರೊಟ್ಟಿ ಇನ್ನೊಬ್ಬರು ಮುರಿದು ಉಣ್ಣುವುದು ರೂಢಿ. ಯಾರ ಮನೆಯ ರೊಟ್ಟಿ ಎಂದು ನೋಡಿಯೇ ಹೇಳುತ್ತಿದ್ದೆವು. ಕಾಕಾನ ಹೆಂಡತಿ ಬಡಿದದ್ದು ಎಲೆಯಷ್ಟು ತೆಳ್ಳಗೆ. ಎಲ್ಲರ ಕೈ ಮೊದಲು ಅದಕ್ಕೇ ಹೋಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಕಾಕಾ ನಮ್ಮ ಜೊತೆ ಕೂರುವುದನ್ನು ಬಿಟ್ಟರು. ದೂರ ಹೋಗಿ ಗೋಡೆಗೆ ಮುಖ ಮಾಡಿ ಉಣ್ಣತೊಡಗಿದರು.

"ಯಾಕ್ರಿ ಕಾಕಾ, ಬುತ್ಯಾಗ ಕೋಳಿ ಐತೇನು? ನಮ್ಮ ಕಡೆ ಒಂದು ಕಾಲರೆ ಒಗೀರಿ" ಎಂದು ಒಬ್ಬ ಹಮಾಲ ಕೆಣಕಿದ.

"ಹೊಟ್ಟಿ ಸುಮಾರ ಐತೆಪಾ. ನೀವು ಉಣ್ರಿ."

ಅವರ ಬೆರಳ ತುದಿಗಳಲ್ಲಿ ಸುಟ್ಟ ಕಲೆಗಳಿದ್ದವು. ಅದನ್ನು ಮೊದಲು ನೋಡಿದವನು ನಾನು. "ನಾ ಸಾಲ್ಯಾಗ ಓದೀನಿ. ಕುಷ್ಠ ಹತ್ತಿದ್ರ ಬೆರಳು ಸುಟ್ಟರೂ ಗೊತ್ತಾಗೂದಿಲ್ಲ" ಎಂದೆ. ಅವರ ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಹಮಾಲರು ನನ್ನ ಹತ್ತಿರ ಸರಿದು ಕೂತರು. ಆ ಸುಖ ಈಗಲೂ ನೆನಪಿದೆ...

ಮಾತು ಬೆಳೆಯಿತು. ಅವರು ಮುಟ್ಟಿದ ತಂಬಿಗೆಯನ್ನು ಯಾರೂ ಮುಟ್ಟದಾದರು. ಒಂದು ದಿನ ಒಡೆದ ಲಿಂಬೆಯ ರಸ ತಾಗಿ ಕಾಕಾ ಉಸಿರೆಳೆದುಕೊಂಡು ಬೆರಳುಗಳನ್ನು ಧೋತರಕ್ಕೆ ಒತ್ತಿ ಹಿಡಿದದ್ದನ್ನು ಕಂಡೆ. ಉರಿಯುವ ಬೆರಳಿಗೆ ಆ ರೋಗವಿಲ್ಲ ಎಂದು ಆಗಲೇ ನನಗೆ ಗೊತ್ತಾಯಿತು.

ಅದಾದ ಮೇಲೆಯೇ ಅಂಗಡಿಯ ಸಾವಕಾರರು ನನ್ನನ್ನು ಕರೆದು ಕೇಳಿದರು: "ನೀ ಓದಿದಾಂವ. ಖರೇ ಏನೋ?"

"ಮಂದಿ ಅಂತಾರ್ರಿ" ಎಂದೆ. ನನ್ನದೇ ಮಾತನ್ನು ಮಂದಿಯ ತಲೆಗೆ ಕಟ್ಟಿದೆ.

ತಿನ್ನುವ ಹಣ್ಣು, ನಾಳೆಯಿಂದ ಬರಬೇಡ ಎಂದು ಸಾವಕಾರರು ಕಾಕಾನಿಗೆ ಹೇಳಿದರು. ಕಾಕಾ ಆಗಲೇ ಎದ್ದು ಹೋದರು. ಅವಸರದಲ್ಲಿ ಅವರು ಮರೆತುಹೋದ ರುಮಾಲನ್ನು ಮನೆಗೆ ಕೊಟ್ಟು ಬರಲು ಮಾರನೇ ದಿನ ಸಾವಕಾರರು ನನ್ನನ್ನೇ ಕಳಿಸಿದರು.

ಕಾಕಾನ ಹೆಂಡತಿ ಹೊರಸಿನ ಮೇಲಿದ್ದರು. ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಒಲೆಯ ಮುಂದೆ ಕಾಕಾ ರೊಟ್ಟಿ ಬಡಿಯುತ್ತಿದ್ದರು. ದಪ್ಪನೆಯ, ಅಂಚು ಹರಿದ ರೊಟ್ಟಿ. ನನ್ನನ್ನು ಕಂಡು ಹಿಟ್ಟಿನ ಕೈಗಳನ್ನು ಬೆನ್ನ ಹಿಂದೆ ಒಯ್ದರು.

"ಯಾರಿಗೂ ಹೇಳಬ್ಯಾಡ್ರಿ ಅಂತ ನಾನ ಆಣಿ ಹಾಕಿದ್ದೆಪಾ" ಎಂದರು ಆಕೆ. "ಕೈ ಬಿದ್ದೈತಿ ಅಂತ ತಿಳಿದ್ರ ಇನ್ನೊಬ್ಬಾಕಿನ್ನ ತಾ ಅಂತಾರ ಇವರ ಮಂದಿ."

ರೊಟ್ಟಿ ನೋಡಿದ್ದರೆ ನಮಗೆ ತಿಳಿದುಬಿಡುತ್ತಿತ್ತು. ಅದಕ್ಕೇ ಗೋಡೆ.

ಕಾಕಾ ಬಿಸಿ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಚಾಚಿದರು. "ತಿನ್ನು ತಮ್ಮಾ."

"ಉಂಡ ಬಂದೇನ್ರಿ" ಎಂದೆ. ಆ ಕೈಯಿಂದ ತೆಗೆದುಕೊಳ್ಳುವ ಮುಖ ನನಗಿರಲಿಲ್ಲ.

ಚಾಚಿದ ಕೈ ತುಸು ಹೊತ್ತು ಹಾಗೇ ಇತ್ತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಹೋಯಿತು. "ಇರಲಿ ಬಿಡಪಾ. ಜೀವದ ಅಂಜಿಕಿ ಎಲ್ಲಾರಿಗೂ ಇದ್ದದ್ದ."

ಅಂಜಿಕೆಯಲ್ಲ ಕಾಕಾ, ಆ ಮಾತು ಹುಟ್ಟಿಸಿದವನೇ ನಾನು ಎನ್ನಬೇಕಿತ್ತು. ಹೊಸ್ತಿಲು ದಾಟಿ ಬಂದುಬಿಟ್ಟೆ. ಮನಸ್ಸು ಗಟ್ಟಿ ಮಾಡಿಕೊಂಡು ಮತ್ತೆ ಹೋಗುವಷ್ಟರಲ್ಲಿ ಬಾಗಿಲಿಗೆ ಕೀಲಿ ಬಿದ್ದಿತ್ತು. ಬಾಗೇವಾಡಿ ಕಡೆ ಆಕೆಯ ತವರಿಗೆ ಹೋದರೆಂದು ನೆರೆಯವರು ಹೇಳಿದರು. ಬಸ್ಸಿತ್ತು. ನಾನು ಹತ್ತಲಿಲ್ಲ.

ಆ ರೋಗವೇ ಇದ್ದಿದ್ದರೂ ಅವರನ್ನು ಹಾಗೆ ದೂರ ತಳ್ಳಬಾರದಿತ್ತು ಎಂಬ ಬುದ್ಧಿ ಬಂದದ್ದು ಬಹಳ ತಡವಾಗಿ. ಈಗ ಅವರಿಬ್ಬರೂ ಇರಲಾರರು. ಹೋಗಿ ಕಾಲಿಗೆ ಬೀಳೋಣವೆಂದರೆ ಆ ತವರೂರಿನ ಹೆಸರು ಕೂಡ ನಾನು ಕೇಳಿಟ್ಟುಕೊಂಡಿಲ್ಲ... ಯಾರಿಗೂ ಹೇಳದ ಒಂದು ಮಾತು ಉಳಿದಿದೆ. ಅಂದು ನಾನು ಉಂಡು ಹೋಗಿರಲಿಲ್ಲ. ಬಹಳ ಹಸಿದಿದ್ದೆ.