ಕಳುಹಿಸಿದವರೇ ಮಾಡಿದವರು

ಹೊಟ್ಟೆಕಿಚ್ಚಿಗೆ ದೊಡ್ಡ ಕಾರಣವೇ ಬೇಕೆಂದೇನೂ ಇಲ್ಲ. ಕೆಲವರಿಗೆ ಪಕ್ಕದ ಮನೆಯವರ ಕಾರು ಬೇಕಾಗುತ್ತದೆ, ಕೆಲವರಿಗೆ ಓರಗಿತ್ತಿಯ ಸೀರೆ ಸಾಕಾಗುತ್ತದೆ. ನನ್ನದು ಹೊತ್ತಿಕೊಂಡದ್ದು ಹೊಳೆಯ ಪಾಠದ ಒಂದಷ್ಟು ಸ್ಲೈಡುಗಳಿಂದ. ಅದಕ್ಕೆ ಗಾಳಿ ಹಾಕಿದ್ದು ನಮ್ಮ ಶಾಲೆಯ ವೈಫೈ.

ನಾನು ಮಲಯಾಳ ನಾಡಿಗೆ ಸೇರಿದ ಗಡಿಯ ಊರು ಕುಂಬ್ಡಾಜೆ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ಪಾಠ ಹೇಳುವವಳು. ತರಗತಿಗೆ ಪ್ರೊಜೆಕ್ಟರ್ ಬಂದಾಗ ಎಲ್ಲರಿಗೂ ಸಂಭ್ರಮ. ಆದರೆ ಅದರಲ್ಲಿ ತೋರಿಸಲಿಕ್ಕೆ ನಮ್ಮ ಕೈಗೆ ಬರುತ್ತಿದ್ದುದೆಲ್ಲ ಮಲಯಾಳದಲ್ಲಿ. ಕನ್ನಡದ ಮಕ್ಕಳಿಗೆ ಬೇಕಾದರೆ ಕನ್ನಡದ ಟೀಚರೇ ಕುಳಿತು ಮಾಡಿಕೊಳ್ಳಬೇಕು. ಭಾನುವಾರಗಳನ್ನೆಲ್ಲ ಆ ಹೊಳೆಗೇ ಬಿಟ್ಟೆ. ಒತ್ತಕ್ಷರಗಳು ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ರೀತಿ ಕಾಲು ಮುರಿದುಕೊಂಡು ಬೀಳುತ್ತಿದ್ದವು, ಎತ್ತಿ ನಿಲ್ಲಿಸಿದೆ. ಹೊಳೆ ಹುಟ್ಟುವ ಒರತೆಯ ಫೋಟೋಕ್ಕಾಗಿ ಗುಡ್ಡ ಹತ್ತಿ ಜಿಗಣೆಗಳಿಗೂ ಊಟ ಹಾಕಿ ಬಂದೆ. ಮೂರನೆಯ ಭಾನುವಾರ ಮನೆಯವರು ಅಡುಗೆಮನೆಗೊಮ್ಮೆ ಇಣುಕಿ ಕೇಳಿದರು, "ಎಂತ ಮಾರಾಯ್ತಿ, ನಿನ್ನ ಹೊಳೆ ಇನ್ನೂ ಸಮುದ್ರಕ್ಕೆ ಮುಟ್ಲಿಲ್ವಾ?"

ಕೊನೆಗೂ ಮುಟ್ಟಿತು. 'ಹೀಗೆ ಹೊಳೆ ಸಮುದ್ರವನ್ನು ಸೇರುತ್ತದೆ' ಎಂದು ನೀಲಿ ಅಕ್ಷರದಲ್ಲಿ ಬರೆದು ಮುಗಿಸಿ, ಪೆನ್‌ಡ್ರೈವಿಗೆ ಹಾಕಿಕೊಂಡು ಸೋಮವಾರ ಜೀಪು ಹತ್ತಿದೆ. ಮನಸ್ಸಿನಲ್ಲಿ ಒಂದು ಚಿತ್ರವಿತ್ತು. ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರೇ ನನ್ನ ಹತ್ತಿರ ಬಂದು ಪೆನ್‌ಡ್ರೈವ್ ಕೇಳುತ್ತಾರೆ. ನಾನು ಸ್ವಲ್ಪ ಯೋಚಿಸಿದಂತೆ ಮಾಡಿ ಕೊಡುತ್ತೇನೆ. 'ಜಾಗ್ರತೆ, ವೈರಸ್ ಹತ್ತಿಸಬೇಡಿ' ಎನ್ನುತ್ತೇನೆ. ಕೊಡುವುದರಲ್ಲಿಯೂ ಒಂದು ಗತ್ತು ಇರುತ್ತದೆ ನೋಡಿ. ಪೆನ್‌ಡ್ರೈವಿನ ಕಾಲದಲ್ಲಿ ಅದಕ್ಕೆ ಅವಕಾಶವಿತ್ತು.

ಆದರೆ ಬಾಗಿಲಲ್ಲೇ ಸಿಕ್ಕಿದವರು ವಿನಯ ಮಾಷ್ಟ್ರು. ಗಣಿತದವರು, ಯಂತ್ರಗಳೆಲ್ಲ ಅವರ ಮಾತು ಕೇಳುತ್ತವೆ. "ಪೆನ್‌ಡ್ರೈವ್ ಎಂತಕೆ ಟೀಚರ್? ನನ್ನ ಲ್ಯಾಪ್‌ಟಾಪಿಗೆ ಹಾಕಿ, ಎಲ್ಲರ ಫೋನಿಗೂ ಒಟ್ಟಿಗೆ ಹೋಗ್ತದೆ. ಇಂಟರ್ನೆಟ್ ಸಹ ಬೇಡ, ಒಂದೇ ವೈಫೈಯಲ್ಲಿ ಇದ್ರಾಯ್ತು" ಎಂದರು. ಹಾಕಿದೆ. ನಾನು ಕೊಡೆ ಮೂಲೆಗಿಟ್ಟು ಬರುವಷ್ಟರಲ್ಲಿ ಕೋಣೆಯ ಫೋನುಗಳೆಲ್ಲ ಒಂದೇ ಸಲ ಕುಂಯ್‌ಗುಟ್ಟಿದವು. ಎಲ್ಲದರ ಮೇಲೂ ಒಂದೇ ಸಾಲು: 'ವಿನಯ ನಿಮಗೆ ಒಂದು ಫೈಲ್ ಕಳುಹಿಸುತ್ತಿದ್ದಾರೆ. ಸ್ವೀಕರಿಸುವಿರಾ?'

ಸ್ವೀಕರಿಸದೆ ಏನು? ಎಲ್ಲರೂ ಸ್ವೀಕರಿಸಿದರು, ನನ್ನ ಭಾನುವಾರಗಳನ್ನು ವಿನಯ ಮಾಷ್ಟ್ರ ಕೈಯಿಂದ. ಮಧ್ಯಾಹ್ನ ಮುಖ್ಯೋಪಾಧ್ಯಾಯಿನಿಯವರು ಫೋನ್ ತೋರಿಸಿ, "ವಿನಯ ಮಾಷ್ಟ್ರ ಹೊಳೆ ನೋಡಿದ್ರಾ ಟೀಚರ್? ಒಳ್ಳೇದುಂಟು" ಎಂದು ನನ್ನೊಡನೆಯೇ ಹೇಳಿದರು. ಮಾಷ್ಟ್ರು ಪಾಪ, "ಅಲ್ಲ, ಅದು ಶಾರದಾ ಟೀಚರ್ ಮಾಡಿದ್ದು" ಎಂದು ಆಚೆ ಬೆಂಚಿನಿಂದ ಹೇಳಿದ್ದೂ ಹೌದು. ಆದರೆ ಅವರು ಹೇಳಿದ್ದು ಬಾಯಿಯಲ್ಲಿ, ಫೋನು ಹೇಳಿದ್ದು ಅಕ್ಷರದಲ್ಲಿ. ಜನ ನಂಬುವುದು ಅಕ್ಷರವನ್ನು. ಅವರು ಸುಳ್ಳು ಹೇಳಿದ್ದರೆ ಜಗಳವಾದರೂ ಮಾಡಬಹುದಿತ್ತು. ಒಳ್ಳೆಯವರ ಮೇಲೆ ಹುಟ್ಟುವ ಹೊಟ್ಟೆಕಿಚ್ಚು ಹೊರಗೆ ಬರಲಾರದೆ ಒಳಗೇ ಸುಡುತ್ತದೆ.

ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ವಾಸ ಎಂದು ಗಾದೆಯುಂಟು. ಅಲ್ಲಿಯೂ ನೋಡಿ, ಪೂಜೆ ಹಾವಿಗೆ. ಗೆದ್ದಲಿಗೆ ಹಾಲೆರೆದವರನ್ನು ನಾನು ಕಂಡಿಲ್ಲ. ಅಷ್ಟಕ್ಕೂ ಆ ಗಾದೆಯನ್ನು ಮಾಡಿದವರು ಯಾರು? ಯಾರಿಗೂ ಗೊತ್ತಿಲ್ಲ. ಬಾಯಿಂದ ಬಾಯಿಗೆ ಹೋಗುವಾಗ ಯಾರು ಹೇಳಿದರೋ ಅವರದ್ದೇ ಆಗುತ್ತಾ ಬಂದಿದೆ. ಆ ಪುಣ್ಯಾತ್ಮ ನನ್ನ ಹಾಗೆಯೇ ಹೊಟ್ಟೆ ಉರಿದುಕೊಂಡು ಹೋಗಿರಬೇಕು. ಕಾಮ ಕ್ರೋಧ ಮೊದಲಾದ ಆರು ವೈರಿಗಳಲ್ಲಿ ಮತ್ಸರವನ್ನು ಹಿರಿಯರು ಕೊನೆಗೆ ಇಟ್ಟದ್ದರಲ್ಲಿ ಅರ್ಥವಿದೆ. ಮೊದಲ ಐದರಲ್ಲಿ ಸ್ವಲ್ಪವಾದರೂ ಸುಖವುಂಟು. ಸಿಟ್ಟು ಬಂದರೆ ಬೈದು ಹಗುರವಾಗಬಹುದು, ಲೋಭಿಗೆ ಪೆಟ್ಟಿಗೆ ತುಂಬುತ್ತದೆ. ಮತ್ಸರದಲ್ಲಿ ಸಿಗುವುದು ಹುಳಿತೇಗು ಮಾತ್ರ.

ನನ್ನ ಅಮ್ಮನಿಗೆ ಈ ಕಷ್ಟ ಇರಲಿಲ್ಲ. ಮದುವೆಮನೆಗೆ ಎರವಲು ಕೊಡುವ ಪಾತ್ರೆಗಳಿಗೆಲ್ಲ ಅವಳು ಹೆಸರು ಕೊರೆಸಿದ್ದಳು. ಯಾರ ಮನೆಯ ಅಟ್ಟದಲ್ಲಿದ್ದರೂ ಅವು ಒಂದು ದಿನ ವಾಪಸಾಗುತ್ತಿದ್ದವು. ಅದು ನೆನಪಾಗಿ ನಾನೂ ಸ್ಲೈಡುಗಳ ಮೂಲೆಯಲ್ಲಿ 'ತಯಾರಿ: ಶಾರದಾ' ಎಂದು ಸಣ್ಣಕ್ಕೆ ಕೊರೆದೆ. ಮೊದಲು ಸಣ್ಣಕ್ಕೆ, ಆಮೇಲೆ ಅಷ್ಟು ಸಣ್ಣಕ್ಕಲ್ಲ. ಮರುದಿನ ಫೋನಿನಿಂದ ನಾನೇ ಎಲ್ಲರಿಗೂ ಕಳುಹಿಸಲು ಹೊರಟೆ. ಒಬ್ಬರಾದರೂ ತೆಗೆದುಕೊಳ್ಳಬೇಕಲ್ಲ. "ಹೊಳೆಯದ್ದಲ್ವಾ ಟೀಚರ್? ನನ್ನಲ್ಲಿ ಉಂಟು, ವಿನಯ ಮಾಷ್ಟ್ರು ಕೊಟ್ಟಿದ್ದಾರೆ" ಎಂದು ಎಲ್ಲರೂ ನಯವಾಗಿ ನಿರಾಕರಿಸಿದರು. ನನ್ನ ಹೆಸರಿದ್ದ ಹೊಳೆ ನನ್ನ ಫೋನಿನಲ್ಲೇ ನಿಂತ ನೀರಾಯಿತು. ಹೆಸರಿಲ್ಲದ್ದು ಊರೂರು ಹರಿಯಿತು.

ಎಲ್ಲಿಯವರೆಗೆ ಹರಿದಿದೆ ಎಂದು ತಿಳಿದದ್ದು ಬದಿಯಡ್ಕದಲ್ಲಿ, ಕ್ಲಸ್ಟರ್ ತರಬೇತಿಯ ದಿನ. ಸುತ್ತಲಿನ ಶಾಲೆಗಳ ಅಧ್ಯಾಪಕರನ್ನೆಲ್ಲ ಶನಿವಾರ ಒಂದೆಡೆ ಕೂರಿಸಿ, ಮಕ್ಕಳನ್ನು ಹೇಗೆ ಕೂರಿಸಬೇಕೆಂದು ಕಲಿಸುವ ಕಾರ್ಯಕ್ರಮ ಅದು. ಮಾದರಿ ಪಾಠ ಮಾಡಲು ಎದ್ದವಳು ಸಮುದ್ರದ ಬದಿಯ ಶಿರಿಯದ ಕಡೆಯ ಶಾಲೆಯ ರಝಿಯಾ ಟೀಚರ್, ಚುರುಕಿನ ಹುಡುಗಿ. ಪರದೆಯ ಮೇಲೆ ನನ್ನ ಒರತೆ ಬಂತು. ಜಿಗಣೆ ಕಚ್ಚಿದ ಕಾಲು ಬೆಂಚಿನಡಿ ಮತ್ತೆ ತುರಿಸಿತು. ಒಂದೊಂದಾಗಿ ನನ್ನ ಸ್ಲೈಡುಗಳೇ ಬಂದವು. 'ಹೀಗೆ ಹೊಳೆ ಸಮುದ್ರವನ್ನು ಸೇರುತ್ತದೆ' ಬಂತು. ಮುಗಿಯಿತು ಎಂದುಕೊಂಡರೆ ಮುಗಿಯಲಿಲ್ಲ. ಅವಳು ಇನ್ನೊಂದು ಸ್ಲೈಡು ಸೇರಿಸಿದ್ದಳು, ಸೇತುವೆಯ ಮೇಲೆ ನಿಂತು ತೆಗೆದ ವೀಡಿಯೊ. ಉಬ್ಬರದ ಹೊತ್ತು. ನೀರಿನಲ್ಲೊಂದು ತೆಂಗಿನ ಸೋಗೆ, ಸಮುದ್ರದ ಕಡೆಯಿಂದ ಗುಡ್ಡದ ಕಡೆಗೆ, ಹಿಂದಕ್ಕೆ ತೇಲಿಕೊಂಡು ಹೋಗುತ್ತಿತ್ತು.

ಬೆಳಗ್ಗಿನಿಂದ ತೂಕಡಿಸುತ್ತಿದ್ದವರೆಲ್ಲ ಎದ್ದು ಕೂತರು. ನನಗೂ ಗೊತ್ತಿರಲಿಲ್ಲ. ಉಬ್ಬರ ಇಳಿತ ಎಂದು ಪರೀಕ್ಷೆಗೆ ಬರೆದಿದ್ದೆ, ಆದರೆ ಹೊಳೆ ಹಿಂದಕ್ಕೆ ಹೋಗುವುದನ್ನು ಕಂಡವಳಲ್ಲ. ಅಷ್ಟು ದಿನದ ನನ್ನ ಹೊಟ್ಟೆಕಿಚ್ಚು ಒಂದು ತೂಕವಾದರೆ ಆ ಕ್ಷಣದ್ದೇ ಒಂದು ತೂಕ. ಹೆಸರು ಹೋದದ್ದಕ್ಕಿಂತ, ಆ ಸೋಗೆ ನನ್ನದಲ್ಲವಲ್ಲ ಎಂಬುದು ಹೆಚ್ಚು ಉರಿಸಿತು.

ಊಟದ ಹೊತ್ತಿಗೆ ಅವಳು ನನ್ನ ಪಕ್ಕದಲ್ಲೇ ಬಂದು ಕುಳಿತಳು. "ನಿಮಗೆ ಬೇಕಾ ಟೀಚರ್, ಆ ಪಾಠ? ಈಗಲೇ ಕಳಿಸ್ತೇನೆ."

"ಅದು ಮೊದಲು ಯಾರು ಮಾಡಿದ್ದು?" ಎಂದು ಏನೂ ಅರಿಯದವಳಂತೆ ಕೇಳಿದೆ.

"ವಿನಯ ಮಾಷ್ಟ್ರು ಅಂತ ಒಬ್ರು ಉಂಟಂತೆ, ಗುಡ್ಡದ ಬದಿಯವರು. ಚೆಂದ ಮಾಡಿದ್ದಾರೆ. ಆದ್ರೆ ಸಮುದ್ರ ಸೇರಿತು ಅಂತ ಅಲ್ಲಿಗೇ ಮುಗಿಸಿಬಿಟ್ಟಿದ್ರು. ಪಾಪ, ಅವ್ರು ಹೊಳೆ ಕಡಲಿಗೆ ಸೇರುವ ಅಳಿವೆ ನೋಡಿರ್ಲಿಕ್ಕಿಲ್ಲ. ನಮ್ಮಲ್ಲಿ ಬೇಸಗೆಗೆ ಬಾವಿ ನೀರೂ ಉಪ್ಪಾಗ್ತದೆ ಟೀಚರ್."

ಆ ಒಂದು ಗಳಿಗೆ, ಹೆಸರು ವಿನಯ ಮಾಷ್ಟ್ರದ್ದಾಗಿರುವುದೇ ವಾಸಿ ಎನಿಸಿತು. ಹೊಗಳಿಕೆಯನ್ನು ನಾನು ತೆಗೆದುಕೊಳ್ಳಬೇಕಾದರೆ ಈ 'ಪಾಪ'ವನ್ನೂ ಜೊತೆಗೆ ತೆಗೆದುಕೊಳ್ಳಬೇಕು. ಅಷ್ಟರಲ್ಲಿ ಅವಳು ಕಳುಹಿಸಿಯೇ ಬಿಟ್ಟಿದ್ದಳು. ಸ್ವೀಕರಿಸಿದೆ. ಫೋನು ಸುಮ್ಮನೆ ಇರಬಾರದೇ? 'ಇದೇ ಹೆಸರಿನ ಫೈಲ್ ಈಗಾಗಲೇ ಇದೆ. ಬದಲಾಯಿಸಬೇಕೇ, ಎರಡನ್ನೂ ಉಳಿಸಬೇಕೇ?' ಎಂದು ಕೇಳಿತು.

ರಝಿಯಾ ಬಗ್ಗಿ ನೋಡಿದಳು. "ನಿಮ್ಮಲ್ಲಿ ಮೊದಲೇ ಉಂಟಾ ಟೀಚರ್?"

"ಉಂಟು," ಎಂದೆ. "ಮಾಡಿದ್ದೇ ನಾನು. ಅಳಿವೆ ನೋಡದವಳೂ ನಾನೇ."

ಅವಳ ಮುಖ ಕೆಂಪಾಯಿತು. "ಅಲ್ಲ ಟೀಚರ್, ನಾನು ಎಂತದೋ ಹೇಳಿಬಿಟ್ಟೆ" ಎಂದು ತಡವರಿಸಿ, "ಒಂದು ದಿನ ಬನ್ನಿ, ತೋರಿಸ್ತೇನೆ" ಎಂದಳು. ಬರುತ್ತೇನೆ ಎಂದೆ. ಫೋನು ಉತ್ತರಕ್ಕೆ ಇನ್ನೂ ಕಾಯುತ್ತಿತ್ತು. ಎರಡನ್ನೂ ಉಳಿಸು ಎಂದು ಒತ್ತಿದೆ.

ಸೋಮವಾರ ಮಕ್ಕಳಿಗೆ ತೋರಿಸಿದ್ದು ಅವಳದ್ದನ್ನು. ನನ್ನದನ್ನು ಅಳಿಸಿಲ್ಲ. ಹೊಟ್ಟೆಕಿಚ್ಚಿಗೂ ಫೋನಿನಲ್ಲಿ ಒಂದಿಷ್ಟು ಜಾಗ ಬೇಕಲ್ಲ.